ಲೋಕಲ್ ಕ್ಲಾಸಿನ ಹುಡುಗರಿಗೆ ಕೈಗೆಟುಕದಂತಾಗುತ್ತಿರುವ ಮಣ್ಣಿನ ಟ್ರ್ಯಾಕ್

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡದ ಕಡೆಯಿಂದ ಡರ್ಟ್ ಟ್ರ್ಯಾಕ್ ಬೈಕ್ ರೇಸಿಗೆ ಇಳಿಯುವ ಹುಡುಗರಲ್ಲಿ ಹೆಚ್ಚಿನವರು ಗ್ಯಾರೇಜಿನಲ್ಲಿ ದುಡಿಯುವವರು, ಅಡಿಕೆ ತೋಟದ ಮನೆಯವರು, ಪಿಕಪ್ ಓಡಿಸಿ ಜೀವನ ನಡೆಸುವವರು. ಊರಿನ ಸವಾರರಿಗೆಂದೇ ಇರುವ ಲೋಕಲ್ ಕ್ಲಾಸಿನಲ್ಲಿ ಓಡಿಸುವ ಇವರಿಗೆ ಪ್ರಾಯೋಜಕರಿಲ್ಲ, ತಂಡವಿಲ್ಲ. ಗಾಡಿ ಮುರಿದರೆ ತಾವೇ ಕೂಡಿಸಿಕೊಳ್ಳಬೇಕು, ಕೈ ಮುರಿದರೆ ಮನೆಯವರೇ ನೋಡಿಕೊಳ್ಳಬೇಕು. ನನ್ನ ತಮ್ಮನೂ ಇವರಲ್ಲಿ ಒಬ್ಬ. ಅವನು ಗಾಡಿ ಓಡಿಸುತ್ತಾನೆ, ಅದರ ಖರ್ಚಿನ ಲೆಕ್ಕವನ್ನು ನಾನು ಬರೆದಿಡುತ್ತೇನೆ. ಹಾಗೆ ಬರೆಯುತ್ತ ಬಂದವನಿಗೆ ಒಂದು ಸಂಗತಿ ಸ್ಪಷ್ಟವಾಗಿ ಕಂಡಿದೆ. ರೇಸಿನ ಖರ್ಚು ಎಲ್ಲ ಕಡೆಯಿಂದಲೂ ಏರುತ್ತಿದೆಯಾದರೂ ಎಲ್ಲ ಖರ್ಚೂ ಒಂದೇ ಜಾತಿಯದಲ್ಲ. ವೇಗಕ್ಕಾಗಿ ಮಾಡುವ ಖರ್ಚು ಒಂದು, ಜೀವ ಉಳಿಸಿಕೊಳ್ಳಲು ಮಾಡುವ ಖರ್ಚು ಇನ್ನೊಂದು. ಮೊದಲನೆಯದಕ್ಕೆ ಆಯೋಜಕರು ಮಿತಿ ಹಾಕದೆ ಹೋದರೆ ಹುಡುಗರು ಎರಡನೆಯದರಲ್ಲಿ ಉಳಿಸಲು ನೋಡುತ್ತಾರೆ, ಈಗಾಗಲೇ ನೋಡುತ್ತಿದ್ದಾರೆ. ಇದನ್ನು ಬರೆಯಲೇಬೇಕು ಎನಿಸಿದ್ದು ಆ ಕಾರಣಕ್ಕೆ.

ಹಿಂದೆ ಈ ಆಟ ಬಡವರ ಕೈಗೆ ಸಿಕ್ಕಿದ್ದು ಟೂ ಸ್ಟ್ರೋಕ್ ಗಾಡಿಗಳಿಂದ. 1985ರಲ್ಲಿ ಬಂದು 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100, ಆಮೇಲಿನ ಆರ್‌ಎಕ್ಸ್ 135, ಸುಜುಕಿ ಶೋಗನ್ ಮೊದಲಾದ ಗಾಡಿಗಳು ಒಂದು ಕಾಲಕ್ಕೆ ಊರ ಗ್ಯಾರೇಜುಗಳ ಹಿಂದೆ ತುಕ್ಕು ಹಿಡಿದು ನಿಂತಿರುತ್ತಿದ್ದವು. 98 ಸಿಸಿಯ ಆರ್‌ಎಕ್ಸ್ ಎಂಜಿನನ್ನು ಪೂರ್ತಿ ಬಿಚ್ಚಿ ಕೂಡಿಸುವುದಕ್ಕೆ ಒಂದು ಸಂಜೆ ಸಾಕಿತ್ತು. ಅದರಲ್ಲಿ ಫೋರ್ ಸ್ಟ್ರೋಕಿನಂತೆ ಹೆಡ್ಡಿನೊಳಗಿನ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಹೆಡ್, ಬ್ಲಾಕ್, ಪಿಸ್ಟನ್, ರಿಂಗ್ ತಿಳಿದವನಿಗೆ ಅರ್ಧ ಎಂಜಿನ್ ತಿಳಿದಂತೆಯೇ ಇತ್ತು. ಪೋರ್ಟನ್ನು ಫೈಲಿನಿಂದ ಉಜ್ಜಿ ತುಸು ಅಗಲ ಮಾಡುವುದು, ಸೈಲೆನ್ಸರಿನ ಒಳಗಿನ ಕೊಳವೆ ಬದಲಿಸುವುದು, ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ಚಿಕ್ಕದು ಹಾಕುವುದು, ಇಷ್ಟರಲ್ಲೇ ಒಂದು ರೇಸ್ ಗಾಡಿ ತಯಾರಾಗುತ್ತಿತ್ತು. ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಟೂ ಸ್ಟ್ರೋಕ್ ಬೈಕ್‌ಗಳ ತಯಾರಿಕೆಯೇ ನಿಂತಿತು. ಉಳಿದ ಗಾಡಿಗಳು ಈಗ ಹಳೆಯ ಬೈಕ್ ಕೂಡಿಡುವವರ ಪಾಲಾಗಿವೆ. ದಾಖಲೆ ಸರಿಯಿರುವ ಒಂದು ಒಳ್ಳೆಯ ಆರ್‌ಎಕ್ಸ್‌ಗೆ ಹೊಸ ಬೈಕಿನ ಬೆಲೆ ಹೇಳುತ್ತಾರೆ, ಕೊಳ್ಳುವವರೂ ಸಾಲುಗಟ್ಟಿ ನಿಂತಿದ್ದಾರೆ. ಅಂಥ ಗಾಡಿಯನ್ನು ಕೆಂಪುಮಣ್ಣಿನಲ್ಲಿ ಬೀಳಿಸಲು ಯಾರಿಗೆ ಮನಸ್ಸು ಬರುತ್ತದೆ? ಮೂಲ ಕಂಪನಿಯ ಬ್ಲಾಕ್, ಪಿಸ್ಟನ್ ಸಿಗುವುದು ಅಪರೂಪವಾಗಿದ್ದು, ನಕಲಿ ಮಾಲು ಒಂದು ಹೀಟ್, ಅಂದರೆ ರೇಸಿನ ಒಂದು ಸರದಿ, ಮುಗಿಯುವುದರೊಳಗೆ ಬಿಗಿದು ಸೀಜ್ ಆಗಿ ಕೂರುತ್ತದೆ.

ಆ ಜಾಗಕ್ಕೆ ಬಂದದ್ದು ಫೋರ್ ಸ್ಟ್ರೋಕ್ ಗಾಡಿಗಳು. 2011ರಲ್ಲಿ ಬಂದ ಹೀರೋ ಇಂಪಲ್ಸ್ ಹೆಚ್ಚು ಕಾಲ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. 2019ರ ಮೇ ತಿಂಗಳಿನಲ್ಲಿ ಎಕ್ಸ್‌ಪಲ್ಸ್ 200 ಬಂದಾಗ ಅದರ ಕಾರ್ಬುರೇಟರ್ ಮಾದರಿಯ ಷೋರೂಂ ಬೆಲೆ 97,000 ರೂಪಾಯಿ ಇತ್ತು. ಮಣ್ಣಿಗೆಂದೇ ಎತ್ತರದ ಸಸ್ಪೆನ್ಷನ್, ಮುಂದೆ 21 ಇಂಚಿನ ಚಕ್ರ ಇರುವ ಗಾಡಿ ಒಂದು ಲಕ್ಷದ ಒಳಗೆ ಸಿಕ್ಕಿತೆಂದು ನಮ್ಮ ಹುಡುಗರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅದೇ ಸಾಲಿನ ಎಕ್ಸ್‌ಪಲ್ಸ್ 210 ಅನ್ನು 2025ರ ಜನವರಿಯಲ್ಲಿ ಬಿಡುಗಡೆ ಮಾಡಿದಾಗ ಬೆಲೆ 1.75 ಲಕ್ಷದಿಂದ ಆರಂಭವಾಯಿತು. ಅದು ಹೆಚ್ಚು ಶಕ್ತಿಯ, ಉತ್ತಮವಾದ ಗಾಡಿ ಎಂಬುದನ್ನು ಒಪ್ಪುತ್ತೇನೆ. ಆದರೆ ರೇಸಿಗೆ ಹೊಸದಾಗಿ ಇಳಿಯುವ ಹುಡುಗನಿಗೆ ಕಡಿಮೆ ಬೆಲೆಯ ಮೊದಲ ಮೆಟ್ಟಿಲು ಬೇಕು, ಆ ಮೆಟ್ಟಿಲು ಕೆಲವೇ ವರ್ಷಗಳಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಮೇಲೆ ಹೋಗಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಮೇಲಿನ, ಬಿಡಿಭಾಗ ಮತ್ತು ಟಯರ್‌ಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದು ನಿಜವಾದ ಸಹಾಯ. ಅಷ್ಟರಿಂದಲೇ ಹಿಂದಿನ ದಿನಗಳು ಮರಳಿ ಬರುವಂತಿಲ್ಲ.

ಬೆಲೆಗಿಂತ ದೊಡ್ಡ ಬದಲಾವಣೆಯನ್ನು ತಂದದ್ದು 2020ರ ಏಪ್ರಿಲ್‌ನಲ್ಲಿ ಜಾರಿಯಾದ, ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ. ವಾತಾವರಣಕ್ಕೆ ಅದು ಒಳ್ಳೆಯದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅದರೊಂದಿಗೆ ಇಂಥ ಬೈಕುಗಳಿಂದ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಕಾರ್ಬುರೇಟರ್ ಇದ್ದಾಗ ಪೆಟ್ರೋಲಿನ ಅಳತೆ ಹಿಡಿಯುವ ಜೆಟ್ ಬದಲಿಸುವುದಕ್ಕೆ ಕೆಲವು ನೂರು ರೂಪಾಯಿ ಮತ್ತು ಒಂದು ಸ್ಕ್ರೂಡ್ರೈವರ್ ಸಾಕಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣ ನೋಡಿ, ಪೆಟ್ರೋಲ್ ಹೆಚ್ಚಾಗಿದೆಯೋ ಗಾಳಿ ಹೆಚ್ಚಾಗಿದೆಯೋ ಎಂದು ನಮ್ಮ ಗ್ಯಾರೇಜಿನ ಹಿರಿಯರು ಹೇಳುತ್ತಿದ್ದರು. ಈಗ ಆ ಲೆಕ್ಕವೆಲ್ಲ ಎಂಜಿನನ್ನು ನಡೆಸುವ ಇಸಿಯು ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆಯೊಳಗೆ ಕುಳಿತಿದೆ. ಅದನ್ನು ಬದಲಿಸಲು ಜೊತೆಗೆ ಜೋಡಿಸುವ ಇನ್ನೊಂದು ಪೆಟ್ಟಿಗೆ ಬೇಕು, ಅದಕ್ಕೇ ಹದಿನೈದು ಇಪ್ಪತ್ತು ಸಾವಿರ ಬೀಳುತ್ತದೆ. ಆಮೇಲೆ ಲ್ಯಾಪ್‌ಟಾಪ್ ಹಿಡಿದು ಪೆಟ್ರೋಲಿನ ಈ ಲೆಕ್ಕವನ್ನು, ಅಂದರೆ ಮ್ಯಾಪನ್ನು, ಬರೆಯುವವರನ್ನು ಹುಡುಕಿಕೊಂಡು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕು. ತಲೆಮಾರಿನಿಂದ ಬಂದ ಕೈಕೆಲಸದ ಜ್ಞಾನಕ್ಕೆ ಬೆಲೆಯಿದ್ದ ಕ್ರೀಡೆಯಲ್ಲಿ ದುಡ್ಡು ಕೊಟ್ಟು ಕೊಳ್ಳುವ ಜ್ಞಾನ ಮುಂದೆ ಬಂದಿದೆ. ಮಲೆನಾಡಿನ ಗ್ಯಾರೇಜುಗಳಿಗೆ ಇದು ಎರಡು ಬಗೆಯ ನಷ್ಟ: ಕೆಲಸವೂ ಕೈತಪ್ಪಿತು, ವಿದ್ಯೆಯ ಬೆಲೆಯೂ ಇಳಿಯಿತು.

ಗಾಡಿ ಕೊಂಡ ಮೇಲಿನ ಖರ್ಚು ತಿಳಿಯಬೇಕಾದರೆ ನಮ್ಮ ಮಣ್ಣನ್ನು ನೋಡಬೇಕು. ಘಟ್ಟದ ಮೇಲಿನ ಬ್ಯಾಣದ ಹುಲ್ಲುಗಾವಲುಗಳಲ್ಲಿ, ಕೊಯ್ಲು ಮುಗಿದ ಗದ್ದೆಗಳಲ್ಲಿ ಟ್ರ್ಯಾಕ್ ಮಾಡುತ್ತಾರೆ. ಜಂಬಿಟ್ಟಿಗೆಯ ಈ ನೆಲದ ಮೇಲ್ಪದರ ಬೇಸಿಗೆಯಲ್ಲಿ ಹಿಟ್ಟಾಗಿ ಏಳುತ್ತದೆ, ಅದರ ಅಡಿಯಲ್ಲಿ ಚೂಪಾದ ನೊರಜುಗಲ್ಲು ಇರುತ್ತದೆ. ಹಿಟ್ಟು ಎಂಜಿನನ್ನು ತಿನ್ನುತ್ತದೆ, ಕಲ್ಲು ಟಯರನ್ನು ತಿನ್ನುತ್ತದೆ. ಏರ್ ಫಿಲ್ಟರಿನ ಸ್ಪಂಜನ್ನು ಪ್ರತಿ ಹೀಟ್ ಆದ ಮೇಲೆ ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಹಿಂಡಿ ಕೂರಿಸಬೇಕು. ಫಿಲ್ಟರ್ ಪೆಟ್ಟಿಗೆಯ ಅಂಚಿನಲ್ಲಿ ಗ್ರೀಸ್ ಹಚ್ಚದೆ ಬಿಟ್ಟರೆ ಅಲ್ಲಿಂದಲೇ ಧೂಳು ಒಳನುಗ್ಗುತ್ತದೆ. ಹಾಗೆ ನುಗ್ಗಿದ ಧೂಳು ಸಿಲಿಂಡರಿನ ಗೋಡೆಯ ಮೇಲೆ ಉದ್ದುದ್ದ ಗೀರು ಹಾಕಿರುವುದನ್ನು ಬೆರಳಿನಿಂದ ಮುಟ್ಟಿ ನೋಡಿದರೆ ಉಗುರಿಗೆ ಸಿಕ್ಕುತ್ತದೆ. ಆಗ ಬೋರಿಂಗ್ ಮಾಡಿಸಿ ಕಾಲು ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಬೇಕು, ಮುಂದಿನ ಸಲ ಅರ್ಧ, ಆಮೇಲೆ ಮುಕ್ಕಾಲು, ಕಡೆಗೆ ಒಂದು ಮಿಲಿಮೀಟರ್. ಅಲ್ಲಿಗೆ ಬ್ಲಾಕಿನ ಆಯುಸ್ಸು ಮುಗಿದಂತೆ, ಹೊಸ ಸ್ಲೀವ್ ಕೂರಿಸಬೇಕು. ಹೊಸ ಗಾಡಿಗಳಲ್ಲಿ ಹಲವಕ್ಕೆ ಸಿಲಿಂಡರಿನ ಒಳಗೆ ವಿಶೇಷ ಲೇಪನ ಇರುವುದರಿಂದ ಹಾಗೆ ಬೋರಿಂಗ್ ಮಾಡಿಸುವಂತೆಯೂ ಇಲ್ಲ, ಬ್ಲಾಕನ್ನೇ ಬದಲಿಸಬೇಕು.

ಟಯರಿನ ವಿಷಯ ಇನ್ನೂ ಕಷ್ಟದ್ದು. ಮಣ್ಣಿನ ಟಯರಿನಲ್ಲಿ ಗಟ್ಟಿ ಗುಬುಟುಗಳು ಎದ್ದು ನಿಂತಿರುತ್ತವೆ, ಆ ಗುಬುಟುಗಳ ಮುಂದಿನ ಅಂಚೇ ನೆಲವನ್ನು ಕಚ್ಚಿ ಗಾಡಿಯನ್ನು ಮುಂದಕ್ಕೆ ತಳ್ಳುವುದು. ನಮ್ಮ ನೊರಜುಗಲ್ಲಿನ ಮೇಲೆ ಒಂದೆರಡು ರೇಸ್ ಮುಗಿಯುವಷ್ಟರಲ್ಲಿ ಹಿಂದಿನ ಟಯರಿನ ಅಂಚುಗಳು ಉರುಟಾಗುತ್ತವೆ. ಹುಡುಗರು ಟಯರನ್ನು ಬಿಚ್ಚಿ, ತಿರುಗಿಸಿ ಹಾಕಿ, ಹಿಂದಿನ ಅಂಚನ್ನು ಮುಂದಕ್ಕೆ ತಂದು ಇನ್ನೊಂದು ರೇಸ್ ಓಡಿಸುತ್ತಾರೆ. ಅದೂ ಸವೆದರೆ ಹ್ಯಾಕ್ಸಾ ಬ್ಲೇಡಿನಿಂದ ಪ್ರತಿ ಗುಬುಟಿನ ಅಂಚನ್ನು ಚೌಕವಾಗಿ ಕತ್ತರಿಸುತ್ತಾರೆ. ಒಂದು ಟಯರ್ ಮುಗಿಸಲು ರಾತ್ರಿಯೆಲ್ಲ ಕೂರಬೇಕಾಗುತ್ತದೆ. ದುಡ್ಡಿದ್ದವರು ಪ್ರತಿ ರೇಸಿಗೂ ಹೊಸ ಟಯರ್ ಹಾಕಿಕೊಂಡು ಬರುತ್ತಾರೆ. ಮೊದಲ ತಿರುವಿನಿಂದ ಹೊರಬರುವಾಗ ಹೊಸ ಟಯರಿನ ಗಾಡಿ ನೇರ ಹಿಡಿದು ಹೋಗುವುದು, ಹಳೆ ಟಯರಿನದು ಬಾಲ ಜಾರಿಸಿಕೊಂಡು ಅಡ್ಡ ಹೋಗುವುದು ದೂರದಿಂದಲೇ ಕಾಣುತ್ತದೆ. ಅಲ್ಲಿ ಕಳೆದುಹೋದ ಅಂತರವನ್ನು ಐದಾರು ಲ್ಯಾಪಿನ ಸಣ್ಣ ರೇಸಿನಲ್ಲಿ ಎಂಥ ಜಾಣ ಸವಾರನೂ ತುಂಬಿಕೊಳ್ಳಲಾರ. ನಮ್ಮ ಲೆಕ್ಕದ ಪುಸ್ತಕದಲ್ಲಿ ಎಂಜಿನ್ ಕೆಲಸಕ್ಕಿಂತ ಟಯರಿಗೆ ಹೋದದ್ದೇ ಹೆಚ್ಚು.

ಸಾಗಾಟಕ್ಕೆ ಆಗುವ ಖರ್ಚನ್ನು ಉದ್ದ ಬರೆಯುವ ಅಗತ್ಯವಿಲ್ಲ. 2021ರಲ್ಲಿ ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿತು. 2024ರ ಜೂನ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಹೆಚ್ಚಿದಾಗ ಮತ್ತೆ ಮೂರು ರೂಪಾಯಿ ಏರಿತು. ಗಾಡಿಯನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಕರಾವಳಿಗೆ ಇಳಿಯುವುದಾದರೆ, ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟದ ರಸ್ತೆ ಕಾಮಗಾರಿಗೆ ಮುಚ್ಚಿದ್ದ ದಿನಗಳಲ್ಲಿ ಯಲ್ಲಾಪುರ–ಅಂಕೋಲಾ ಮೇಲೋ ಸಿದ್ದಾಪುರ–ಹೊನ್ನಾವರ ಮೇಲೋ ಸುತ್ತಿ ಹೋಗಬೇಕಾಗಿತ್ತು. ಇಬ್ಬರು ಮೂವರು ಒಂದೇ ಪಿಕಪ್ಪಿನಲ್ಲಿ ಗಾಡಿ ಹೇರಿ ಬಾಡಿಗೆ ಹಂಚಿಕೊಳ್ಳುವ ರೂಢಿ ಇರುವುದರಿಂದ ಈ ಬಾಬ್ತು ಹೇಗೋ ಸುಧಾರಿಸುತ್ತದೆ.

ಆಯೋಜಕರ ಕಷ್ಟವನ್ನೂ ಹೇಳದೆ ಇರುವುದು ನ್ಯಾಯವಲ್ಲ, ಏಕೆಂದರೆ ಪ್ರವೇಶ ಶುಲ್ಕ ಏರಿದೆ ಎಂದು ದೂರುವವರು ಆ ದುಡ್ಡು ಹೋಗುವ ದಾರಿಯನ್ನು ನೋಡಿರುವುದಿಲ್ಲ. ಜಾಗದ ಬಾಡಿಗೆ, ಜಂಪುಗಳನ್ನು ಎಬ್ಬಿಸಲು ಗಂಟೆ ಲೆಕ್ಕದ ಜೆಸಿಬಿ, ದಿನವಿಡೀ ಓಡಾಡುವ ನೀರಿನ ಟ್ಯಾಂಕರ್, ಬೇಲಿಗೆ ಬಿದಿರು, ತಿರುವುಗಳಲ್ಲಿ ಹಳೆ ಟಯರಿನ ಗೋಡೆ, ಬಾವುಟ ಹಿಡಿಯುವವರ ಊಟ ತಿಂಡಿ, ಪೊಲೀಸರ ಮತ್ತು ಪಂಚಾಯತಿಯ ಅನುಮತಿ, ಇವೆಲ್ಲ ಇವೆ. ನೀರು ಹಾಕುವುದೇ ಒಂದು ವಿದ್ಯೆ. ಕಡಿಮೆಯಾದರೆ ಹಿಂದಿನ ಸವಾರನಿಗೆ ಮುಂದಿನ ಗಾಡಿಯೇ ಕಾಣುವುದಿಲ್ಲ, ಹೆಚ್ಚಾದರೆ ಕೆಂಪುಮಣ್ಣು ಜಾರುಬಂಡೆಯಾಗುತ್ತದೆ. ಇವೆಲ್ಲದರ ಮೇಲೆ ಆಂಬುಲೆನ್ಸ್. ಈ ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಎಷ್ಟು ವರ್ಷಗಳಿಂದ ಕೇಳುತ್ತಿದ್ದಾರೆಂಬುದು ಎಲ್ಲರಿಗೂ ಗೊತ್ತಿದೆ. ತಲೆಗೆ ಪೆಟ್ಟಾದರೆ ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರ್ ಹೋಗಬೇಕು, ಕರಾವಳಿಯವರು ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಓಡಬೇಕು. ಇಂಥ ಕಡೆ ಆಮ್ಲಜನಕ ಮತ್ತು ತಿಳಿದ ಸಿಬ್ಬಂದಿ ಇರುವ ಆಂಬುಲೆನ್ಸ್ ಟ್ರ್ಯಾಕಿನ ಪಕ್ಕದಲ್ಲಿ ನಿಲ್ಲದೆ ಒಂದೇ ಒಂದು ಹೀಟ್ ಕೂಡ ಶುರುವಾಗಬಾರದು. ಅದಕ್ಕಾಗಿ ಶುಲ್ಕ ಏರಿಸಿದರೆ ನಾನು ಒಂದು ಮಾತೂ ಆಡದೆ ಕೊಡುತ್ತೇನೆ.

ಇಲ್ಲಿಂದ ಸವಾರನ ಮೈಮೇಲಿನ ಸಾಮಾನಿಗೆ ಬರುತ್ತೇನೆ. ಮಣ್ಣಿನ ರೇಸಿಗೆ ರಸ್ತೆಯ ಹೆಲ್ಮೆಟ್ ನಡೆಯುವುದಿಲ್ಲ. ಉದ್ದ ಗದ್ದದ, ಗಾಗಲ್ ಕೂರುವ ಆಫ್‌ರೋಡ್ ಹೆಲ್ಮೆಟ್ ಬೇಕು. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ಕಾನೂನುಬಾಹಿರ, ಆದರೂ ರಸ್ತೆ ಬದಿಯ ಅಂಗಡಿಗಳಲ್ಲಿ ಆಫ್‌ರೋಡ್ ಆಕಾರದ ಪ್ಲಾಸ್ಟಿಕ್ ಚಿಪ್ಪುಗಳು ಅಗ್ಗದ ಬೆಲೆಗೆ ತೂಗಾಡುತ್ತಿರುತ್ತವೆ. ಹೆಲ್ಮೆಟ್, ಎದೆ–ಬೆನ್ನಿನ ಕವಚ, ಮಂಡಿ ಮತ್ತು ಮೊಣಕೈ ಗಾರ್ಡ್, ಗ್ಲೌಸ್, ಗಾಗಲ್, ಪಾದದ ಕೀಲನ್ನು ಹಿಡಿದು ನಿಲ್ಲಿಸುವ ಗಟ್ಟಿ ಬೂಟು, ಸಾಧ್ಯವಾದರೆ ಕುತ್ತಿಗೆಯ ಬ್ರೇಸ್, ಇವನ್ನೆಲ್ಲ ಸಾಧಾರಣ ದರ್ಜೆಯವನ್ನೇ ಕೊಂಡರೂ ಒಂದು ಹಳೆ ಬೈಕಿನ ಬೆಲೆಯಾಗುತ್ತದೆ. ಬೂಟಿಗೇ ಹನ್ನೆರಡು ಹದಿನೈದು ಸಾವಿರ ಬೇಕು. ಹಾಗಾಗಿ ಹೊಸ ಟಯರೋ ಬೂಟೋ ಎಂಬ ಪ್ರಶ್ನೆ ಬಂದಾಗ ಹದಿನೆಂಟರ ಹುಡುಗ ಟಯರನ್ನೇ ಆರಿಸುತ್ತಾನೆ, ಏಕೆಂದರೆ ಟಯರಿನ ಫಲ ಅಂದೇ ಕಾಣುತ್ತದೆ, ಬೂಟಿನ ಫಲ ಬಿದ್ದಾಗಷ್ಟೇ ತಿಳಿಯುತ್ತದೆ. ಗಮ್‌ಬೂಟು ಹಾಕಿಕೊಂಡು ಓಡಿಸುವವರನ್ನು, ಕ್ರಿಕೆಟಿನ ಪ್ಯಾಡನ್ನು ಮಂಡಿಗೆ ಕಟ್ಟಿಕೊಂಡವರನ್ನು ನಾನು ಸ್ಟಾರ್ಟ್ ಲೈನಿನಲ್ಲಿ ಕಂಡಿದ್ದೇನೆ. ನಮ್ಮ ಗ್ಯಾರೇಜಿನ ಹಿರಿಯರು ತಮ್ಮನಿಗೆ ಪ್ರತಿ ಸಲ ಹೇಳುವ ಮಾತು ಒಂದೇ: "ಟಯರ್ ಹಳೇದಾದ್ರೂ ಅಡ್ಡಿಲ್ಲೆ, ಚೆಸ್ಟ್ ಗಾರ್ಡ್ ಇಲ್ದೇ ಇಳಿಯಡ ತಮಾ."

ಬಿದ್ದರೆ ವಿಮೆ ಇದೆಯಲ್ಲ ಎಂದು ಭಾವಿಸುವವರೂ ಇದ್ದಾರೆ. ಬೈಕಿನ ಸಾಮಾನ್ಯ ವಿಮಾ ಪಾಲಿಸಿಯ ಷರತ್ತುಗಳಲ್ಲಿ ರೇಸ್ ಮತ್ತು ವೇಗಪರೀಕ್ಷೆಗೆ ಗಾಡಿ ಬಳಸಿದರೆ ಪರಿಹಾರವಿಲ್ಲ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಆರೋಗ್ಯ ಮತ್ತು ಅಪಘಾತ ವಿಮೆಗಳಲ್ಲಿಯೂ ಹಲವು ಪಾಲಿಸಿಗಳು ಸಾಹಸ ಕ್ರೀಡೆಗಳನ್ನು ಹೊರಗಿಡುತ್ತವೆ. ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬುಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐನ ಅನುಮತಿ ಪಡೆದ ರೇಸುಗಳಲ್ಲಿ ಲೈಸೆನ್ಸ್, ಗಾಡಿ ತಪಾಸಣೆ, ವೈದ್ಯಕೀಯ ವ್ಯವಸ್ಥೆ ಎಲ್ಲದಕ್ಕೂ ನಿಯಮವಿದೆ. ಅನುಮತಿ ಪಡೆಯದ ಹಬ್ಬ ಜಾತ್ರೆಯ ರೇಸುಗಳು ಅಗ್ಗ, ಊರಿಗೆ ಹತ್ತಿರ. ಖರ್ಚು ಹೆಚ್ಚಿದಷ್ಟೂ ಹುಡುಗರು ನಿಯಮವಿರುವ ರೇಸನ್ನು ಬಿಟ್ಟು ನಿಯಮವಿಲ್ಲದ ರೇಸಿಗೆ ಹೋಗುತ್ತಾರೆಂಬುದು ನನ್ನ ದೊಡ್ಡ ಚಿಂತೆ.

ಮೇಲಿನ ಹಂತದಲ್ಲಿ ಈ ಕ್ರೀಡೆ ಹಿಂದೆಂದೂ ಇಲ್ಲದಷ್ಟು ಬೆಳೆಯುತ್ತಿದೆ, ಅದು ಹೆಮ್ಮೆಯ ವಿಷಯವೇ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ, ಮರುಭೂಮಿಗಳಲ್ಲಿ ದಿನಗಟ್ಟಲೆ ಸಾಗುವ ಡಕಾರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯರಾದರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟದ ಎಫ್‌ಐಎಂ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು. 2024ರಲ್ಲಿ ವಿದೇಶಿ ಸವಾರರೂ ಬಂದ ಸೂಪರ್‌ಕ್ರಾಸ್ ಲೀಗ್ ಪುಣೆ, ಅಹಮದಾಬಾದ್, ಬೆಂಗಳೂರುಗಳಲ್ಲಿ ನಡೆಯಿತು. ಅದೇ ವರ್ಷದ ಕೊನೆಯಲ್ಲಿ ಕೆಟಿಎಂ ಕಂಪನಿ ಟ್ರ್ಯಾಕಿಗೆ ಮಾತ್ರ ಮೀಸಲಾದ 450 ಸಿಸಿ ಮೋಟೊಕ್ರಾಸ್ ಗಾಡಿಯನ್ನು ಹತ್ತು ಲಕ್ಷ ದಾಟಿದ ಬೆಲೆಗೆ ಇಲ್ಲಿ ಮಾರಾಟಕ್ಕಿಟ್ಟಿತು. ಅಂಥ ಗಾಡಿಗಳು ಅವಕ್ಕೆಂದೇ ಇರುವ ವರ್ಗದಲ್ಲಿ ಓಡಲಿ, ಜನ ನೋಡಿ ಸಂತೋಷಪಡಲಿ. ಬಹುಮಾನದ ಹಣವೆಲ್ಲ ಯಾರು ಬೇಕಾದರೂ ಓಡಬಹುದಾದ ಓಪನ್ ವರ್ಗಕ್ಕೆ ಹೋಗಿ ಲೋಕಲ್ ಕ್ಲಾಸಿಗೆ ಟ್ರೋಫಿಯಷ್ಟೇ ಉಳಿಯುವುದು, ಲೋಕಲ್ ಕ್ಲಾಸಿನೊಳಗೇ ಹೊರಜಿಲ್ಲೆಯ ತಂಡಗಳು ಪೂರ್ತಿ ತಯಾರಾದ ಗಾಡಿ ತಂದು ಊರಿನ ವಿಳಾಸ ತೋರಿಸಿ ಓಡುವುದು, ಇವನ್ನು ಮಾತ್ರ ಒಪ್ಪಲಾಗದು.

ಈ ಕಾಯಿಲೆಗೆ ಬೇರೆಡೆ ಮದ್ದು ಹುಡುಕಿದ್ದಾರೆ. ಅಮೆರಿಕದಲ್ಲಿ ಮಣ್ಣಿನ ಅಂಡಾಕಾರದ ಟ್ರ್ಯಾಕಿನಲ್ಲಿ ಕಾರು ಓಡಿಸುವ ಸಣ್ಣ ಊರಿನ ರೇಸುಗಳು ನೂರಾರಿವೆ. ಅಯೋವಾ ರಾಜ್ಯದಲ್ಲಿ 1979ರಲ್ಲಿ ಐಎಂಸಿಎ ಎಂಬ ಸಂಸ್ಥೆ ಆರಂಭಿಸಿದ ಮಾಡಿಫೈಡ್ ವರ್ಗ ಅಲ್ಲಿ ದೊಡ್ಡದಾಗಿ ಬೆಳೆಯಿತು. ಅದರಲ್ಲಿ ಕ್ಲೈಮ್ ನಿಯಮ ಎಂಬುದಿತ್ತು: ರೇಸ್ ಮುಗಿದ ಮೇಲೆ ಗೆದ್ದವನ ಎಂಜಿನನ್ನು ಮೊದಲೇ ನಿಗದಿಯಾದ ಸಣ್ಣ ಬೆಲೆಗೆ ಎದುರಾಳಿ ಕೇಳಬಹುದು, ಅವನು ಕೊಡಲೇಬೇಕು, ಕೊಡದಿದ್ದರೆ ಶಿಕ್ಷೆ. ಕೈತಪ್ಪಿ ಹೋಗಬಹುದಾದ ಎಂಜಿನಿಗೆ ಯಾರೂ ಲಕ್ಷಗಟ್ಟಲೆ ಸುರಿಯುವುದಿಲ್ಲ ಎಂಬುದು ಅದರ ಹಿಂದಿನ ಬುದ್ಧಿ. ಆಮೇಲೆ ಅಲ್ಲಿ ಕಾರ್ಖಾನೆಯಲ್ಲೇ ಮೊಹರು ಹಾಕಿ ಕೊಡುವ ಎಂಜಿನ್‌ಗಳೂ ಬಂದವು. ಜನರಲ್ ಮೋಟಾರ್ಸ್‌ನ 602 ಮತ್ತು 604 ಎಂಬವು ಅವುಗಳಲ್ಲಿ ಹೆಸರಾದವು. ಮೊಹರಿನ ಬೋಲ್ಟ್ ಒಡೆಯದೆ ಒಳಗಿನದನ್ನು ಮುಟ್ಟುವಂತಿಲ್ಲ. ಅಲ್ಲೂ ಮೊಹರನ್ನೇ ನಕಲು ಮಾಡಿದವರಿದ್ದರು, ಆದ್ದರಿಂದ ತಪಾಸಣೆ ಸಡಿಲವಾದರೆ ನಿಯಮ ಕಾಗದದಲ್ಲೇ ಉಳಿಯುತ್ತದೆ ಎಂಬುದನ್ನೂ ಜೊತೆಗೇ ನೆನಪಿಡಬೇಕು.

ಎಂಜಿನ್ ಕೇಳುವ ನಿಯಮ ನಮ್ಮಲ್ಲಿ ನಡೆಯಲಾರದು. ಇಲ್ಲಿನ ಹುಡುಗರಲ್ಲಿ ಹಲವರು ಅದೇ ಗಾಡಿಯಲ್ಲಿ ಸೋಮವಾರ ಕೆಲಸಕ್ಕೆ ಹೋಗುವವರು. ಎಂಜಿನ್ ಬಿಟ್ಟುಕೊಡು ಎಂದರೆ ಜಗಳವೇ ಆದೀತು. ಆದರೆ ಟಯರಿನ ನಿಯಮ ಖಂಡಿತ ನಡೆಯುತ್ತದೆ. ಲೋಕಲ್ ಕ್ಲಾಸಿಗೆ ಭಾರತದಲ್ಲೇ ತಯಾರಾದ, ಒಂದು ಬೆಲೆಯ ಮಿತಿಯೊಳಗಿನ ಟಯರ್ ಮಾತ್ರ ಎಂದು ಗೊತ್ತುಮಾಡಿ, ಹಂಗಾಮಿನ ಮೊದಲ ರೇಸಿನಲ್ಲಿ ಟಯರಿನ ಪಕ್ಕಕ್ಕೆ ಬಣ್ಣದ ಗುರುತು ಹಾಕಿ, ಅದೇ ಜೋಡಿಯಲ್ಲಿ ಇಂತಿಷ್ಟು ರೇಸ್ ಓಡಬೇಕು ಎಂದರೆ ನಮ್ಮ ಲೆಕ್ಕದ ಅತಿ ದೊಡ್ಡ ಬಾಬ್ತು ಒಂದೇ ಏಟಿಗೆ ಅರ್ಧಕ್ಕೆ ಇಳಿಯುತ್ತದೆ, ಎಲ್ಲರ ಟಯರೂ ಒಟ್ಟಿಗೇ ಸವೆಯುತ್ತದೆ. ಎಂಜಿನ್ ಕೇಸಿನ ಎರಡು ಬೋಲ್ಟುಗಳಿಗೆ ತಂತಿ ಸುತ್ತಿ ಸೀಸದ ಮೊಹರು ಹಾಕಲು ಹೆಚ್ಚಿನ ಖರ್ಚಿಲ್ಲ. ಇಸಿಯು ಕಂಪನಿಯದೇ ಇರಬೇಕು, ಅನುಮಾನ ಬಂದರೆ ಇನ್ನೊಬ್ಬನ ಗಾಡಿಯ ಇಸಿಯು ಅದಲು ಬದಲು ಮಾಡಿ ಓಡಿಸಬೇಕು ಎಂಬ ನಿಯಮ ತಂದರೆ ಲ್ಯಾಪ್‌ಟಾಪಿನ ಆಟ ತಾನಾಗಿ ನಿಲ್ಲುತ್ತದೆ.

ಜೀವದ ಖರ್ಚಿನಲ್ಲಿ ಇದಕ್ಕೆ ವಿರುದ್ಧವಾಗಿ ಬಿಗಿ ಇರಬೇಕು. ಬೂಟು, ಎದೆಕವಚ, ಐಎಸ್‌ಐ ಹೆಲ್ಮೆಟ್ ಇಲ್ಲದವನನ್ನು ತಪಾಸಣೆಯಲ್ಲೇ ತಡೆಯಬೇಕು, ಅವನು ಊರ ಗಣ್ಯರ ಮಗನಾದರೂ ಸರಿಯೇ. ತಡೆದು ಮನೆಗೆ ಕಳಿಸಿದರೆ ಮಾತ್ರ ಸಾಲದು. ಹೊಸಬರಿಗೆ ಬಾಡಿಗೆಗೆ ಕೊಡಲು ಎಲ್ಲ ಅಳತೆಯ ಬೂಟು ಮತ್ತು ಕವಚಗಳ ಒಂದು ಪೆಟ್ಟಿಗೆಯನ್ನು ಸವಾರರೇ ಸೇರಿ ಮಾಡಿಕೊಳ್ಳಬಹುದು. ಎರಡು ಮೂರು ತಾಲ್ಲೂಕಿನ ಹುಡುಗರು ಒಂದಾದರೆ ಇದು ದೊಡ್ಡ ಮೊತ್ತವಲ್ಲ. ಹಳಬರ ಮನೆಯ ಅಟ್ಟದಲ್ಲಿ ಅಳತೆ ಸಾಲದೆ ಬಿದ್ದಿರುವ ಒಳ್ಳೆಯ ಬೂಟುಗಳೇ ಎಷ್ಟೋ ಇವೆ. ಪೆಟ್ಟಾಗಿ ಒಮ್ಮೆ ಬಿದ್ದ ಹೆಲ್ಮೆಟ್‌ಗಳನ್ನು ಮಾತ್ರ ಆ ಪೆಟ್ಟಿಗೆಗೆ ಸೇರಿಸಬಾರದು, ಒಳಗಿನ ಥರ್ಮೋಕೋಲು ಒಮ್ಮೆ ಅಮುಕಿದರೆ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಎರಡನೆಯ ಪೆಟ್ಟನ್ನು ತಡೆಯುವುದಿಲ್ಲ.

ಮಳೆ ಹಿಂದಾಗಿ, ಅಡಿಕೆ ಕೊಯ್ಲಿನ ಗಡಿಬಿಡಿ ಶುರುವಾಗುವ ಮುನ್ನ ಆಯೋಜಕರು ಸಾಮಾನ್ಯವಾಗಿ ಜಾಗ ನೋಡಲು ಹೊರಡುತ್ತಾರೆ. ವರ್ಗಗಳು, ಶುಲ್ಕ, ಬಹುಮಾನ ಗೊತ್ತಾಗುವುದು ಆ ದಿನಗಳಲ್ಲೇ. ಟಯರಿನ ಮಿತಿ, ಮೊಹರು, ಕವಚದ ತಪಾಸಣೆ ಈ ಮೂರನ್ನು ಕರಪತ್ರ ಅಚ್ಚಾಗುವ ಮೊದಲೇ ಬರೆದು ಸೇರಿಸಬೇಕೆಂದು ಶಿರಸಿ, ಸಿದ್ದಾಪುರದ ಸವಾರರು ಕೂಡಿ ಕೇಳಲು ನಿಶ್ಚಯಿಸಿದ್ದೇವೆ. ಯಲ್ಲಾಪುರ, ಮುಂಡಗೋಡ, ಕುಮಟಾ, ಕಾರವಾರದ ಗೆಳೆಯರೂ ತಮ್ಮ ಲೆಕ್ಕದ ಪುಸ್ತಕಗಳನ್ನು ಹಿಡಿದು ಬಂದರೆ, ಆಯೋಜಕರ ಮುಂದೆ ಬರಿಯ ದೂರನ್ನಷ್ಟೇ ಅಲ್ಲ, ಯಾವ ಬಾಬ್ತಿನಲ್ಲಿ ಎಷ್ಟು ಇಳಿಸಬಹುದು ಎಂಬುದನ್ನೂ ಇಡಬಹುದು.